ಹಳೆಯ ಸೇತುವೆ, ಹೊಸ ಸೇತುವೆ: ನಡುವಿನ ದಿನಗಳ ಲೆಕ್ಕ

ಸೇತುವೆ ಎಂಬುದು ನಮ್ಮ ಗಮನಕ್ಕೆ ಬರುವುದು ಅದು ಮುಚ್ಚಿದ ದಿನ. ಅದುವರೆಗೆ ಅದೂ ರಸ್ತೆಯ ಒಂದು ತುಂಡು ಮಾತ್ರ. ಸೈದಾಪೇಟೆಯಿಂದ ಗಿಂಡಿಯ ಕಡೆಗೆ, ಮೈಲಾಪುರದಿಂದ ತಿರುವಾನ್ಮಿಯೂರಿನ ಕಡೆಗೆ ನಿತ್ಯವೂ ಓಡಾಡುವ ನಾವು ಅಡ್ಯಾರ್ ನದಿಯನ್ನು ದಾಟುತ್ತಿದ್ದೇವೆ ಎಂಬುದನ್ನು ನೆನೆಯುವುದೇ ಇಲ್ಲ. ಆದರೆ ಕಳೆದ ಕೆಲವು ವರ್ಷಗಳ ಘಟನೆಗಳು ಈ ಮರೆವಿನಿಂದ ನಮ್ಮನ್ನು ಎಚ್ಚರಿಸುವಂತಿವೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. 2025ರ ಏಪ್ರಿಲ್ 6ರಂದು ರಾಮೇಶ್ವರದ ಹಾದಿಯಲ್ಲಿ ಹೊಸ ಪಾಂಬನ್ ರೈಲು ಸೇತುವೆ ತೆರೆಯಿತು. ಅದೇ ವರ್ಷ ಜುಲೈ 9ರಂದು ಗುಜರಾತಿನ ಮಹಿಸಾಗರ ನದಿಯ ಮೇಲಿನ, 1985ರಲ್ಲಿ ಕಟ್ಟಿದ ಗಂಭೀರಾ ಸೇತುವೆ ಮುರಿದು ಸುಮಾರು 20 ಮಂದಿ ಪ್ರಾಣ ಕಳೆದುಕೊಂಡರು.

ಮುಪ್ಪಾದ ಸೇತುವೆಯನ್ನು ಬದಲಾಯಿಸಬೇಕೇ ಎಂಬುದು ಇಂದು ಪ್ರಶ್ನೆಯಲ್ಲ. ಬದಲಾಯಿಸಲೇಬೇಕು. ಅದನ್ನು ಆಧರಿಸಿ ಬದುಕುವ ಜನರ ಬಾಳು ಕಡಿದುಹೋಗದಂತೆ ಬದಲಾಯಿಸುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆ. ಹಳೆಯದನ್ನು ಮುಚ್ಚಿದ ದಿನದಿಂದ ಹೊಸದು ತೆರೆಯುವ ದಿನದವರೆಗಿನ ಆ ನಡುವಿನ ಕಾಲದ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ನಾವು ಇಲ್ಲಿ ಪರಿಶೀಲಿಸಬೇಕಾಗಿದೆ.

ಒಬ್ಬ ವರ್ತಕನ ದೂರದೃಷ್ಟಿ

ಚೆನ್ನೈ ನಗರಕ್ಕೆ ಈ ವಿಷಯದಲ್ಲಿ ದೀರ್ಘ ಚರಿತ್ರೆಯಿದೆ. ಸೈದಾಪೇಟೆಯಲ್ಲಿ ಅಡ್ಯಾರ್ ನದಿಗೆ ಮೊದಲ ಸೇತುವೆಯನ್ನು 1726ರಲ್ಲಿ ಕಟ್ಟಿಸಿದವನು ಸರಕಾರದವನಲ್ಲ, ಕೋಜಾ ಪೆಟ್ರಸ್ ಉಸ್ಕಾನ್ ಎಂಬ ಅರ್ಮೇನಿಯನ್ ವರ್ತಕ. ಸಂತ ಥಾಮಸ್ ಬೆಟ್ಟಕ್ಕೆ ಹೋಗುವ ಯಾತ್ರಿಕರಿಗೆ ಹೊಳೆ ಅಡ್ಡವಾಗುತ್ತಿದ್ದುದನ್ನು ಕಂಡು ಆತ ಸ್ವಂತ ಹಣದಿಂದ ಕಮಾನುಗಳ ಸೇತುವೆಯನ್ನು ಕಟ್ಟಿಸಿದ. ಬೆಟ್ಟಕ್ಕೆ ಮೆಟ್ಟಿಲುಗಳನ್ನೂ ಹಾಕಿಸಿದ. ಮಾಂಬಲಂ ಎಂಬ ಹೆಸರನ್ನೇ ಯೂರೋಪಿಯನ್ನರು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಅದನ್ನು ಮಾರ್ಮಲಾಂಗ್ ಸೇತುವೆ ಎಂದು ಕರೆದರು.

ಬ್ಯಾಂಕಿನಲ್ಲಿ ದುಡಿಯುವ ನಮಗೆ ಈ ಕಥೆಯಲ್ಲಿ ಕಮಾನುಗಳಿಗಿಂತ ಹೆಚ್ಚು ಹಿಡಿಸುವುದು ಇನ್ನೊಂದು ಸಂಗತಿ. ಉಸ್ಕಾನ್ ಸೇತುವೆಗೆಂದು 30,000 ವರಹಗಳನ್ನು ವೆಚ್ಚ ಮಾಡಿದನೆಂದೂ, ಮುಂದಿನ ನಿರ್ವಹಣೆಗೆಂದು 1,500 ವರಹಗಳನ್ನು ಬೇರೆಯಾಗಿ ತೆಗೆದಿರಿಸಿದನೆಂದೂ ನಗರದ ಚರಿತ್ರೆಕಾರರು ಬರೆದಿದ್ದಾರೆ. ಅಂದರೆ ಮೂಲ ವೆಚ್ಚದ ಶೇಕಡ 5ರಷ್ಟು. ಕಟ್ಟಿದ ವಸ್ತು ಕಟ್ಟಿದ ದಿನದಿಂದಲೇ ಸವೆಯಲು ತೊಡಗುತ್ತದೆ, ಆ ಸವೆತಕ್ಕೆ ಇಂದೇ ಹಣ ಎತ್ತಿಡಬೇಕು ಎಂಬ ತಿಳಿವು ಮುನ್ನೂರು ವರ್ಷಗಳ ಹಿಂದಿನ ವರ್ತಕನಿಗಿತ್ತು. ನಾವು ಲೆಕ್ಕಪತ್ರಗಳಲ್ಲಿ ಯಂತ್ರಕ್ಕೂ ಪೀಠೋಪಕರಣಕ್ಕೂ ಸವಕಳಿ ಬರೆಯುತ್ತೇವೆ. ಆದರೆ ಸಾರ್ವಜನಿಕ ಸೇತುವೆಗಳಿಗೆ ಮುಡಿಪಾದ ನಿಧಿಯನ್ನು ಕಾಣುವುದು ವಿರಳ. ಉದ್ಘಾಟನೆಯ ಫಲಕ ಏಳುತ್ತದೆ, ಅಲ್ಲಿಗೆ ಖಾತೆ ಮುಗಿದಂತೆ.

ಉಸ್ಕಾನನ ಸೇತುವೆ ಸುಮಾರು 240 ವರ್ಷ ಬಾಳಿತು. ಅದರ ಜಾಗದಲ್ಲಿ 1966ರಲ್ಲಿ ಬಂದುದು ಇಂದಿನ ಮರೈಮಲೈ ಅಡಿಗಳ್ ಸೇತುವೆ. ಪರಿಶುದ್ಧ ತಮಿಳು ಚಳವಳಿಯ ಮುಂದಾಳಾಗಿದ್ದ ವಿದ್ವಾಂಸರ ಹೆಸರು ಅದು. ಈಗ ಆ ಹೊಸ ಸೇತುವೆಗೂ ಆರು ದಶಕಗಳ ವಯಸ್ಸು.

ಪಕ್ಕದಲ್ಲಿ ಕಟ್ಟುವ ಜಾಣತನ

ಇದೇ ನದಿಗೆ ಕೆಳಗೆ, ಸಮುದ್ರದ ಕಡೆ, 1840ರ ಸುಮಾರಿಗೆ ಎಲ್ಫಿನ್‌ಸ್ಟನ್ ಸೇತುವೆಯಾಯಿತು. ಆಗಿನ ಮದರಾಸು ಗವರ್ನರರ ಹೆಸರದು. ಅದು ಅಡ್ಯಾರಿನ ದಟ್ಟಣೆಯನ್ನು ತಾಳದಾದಾಗ 1973ರಲ್ಲಿ ಪಕ್ಕದಲ್ಲೇ ತಿರು.ವಿ.ಕ. ಸೇತುವೆ ಸಿದ್ಧವಾಯಿತು. ಕಾರ್ಮಿಕ ನಾಯಕರೂ ಸಾಹಿತಿಯೂ ಆಗಿದ್ದ ಕಲ್ಯಾಣಸುಂದರಂ ಅವರ ನೆನಪಿನ ಸೇತುವೆಯಿದು. ಕೂವಂ ನದಿ ಸಮುದ್ರ ಸೇರುವಲ್ಲಿರುವ ನೇಪಿಯರ್ ಸೇತುವೆಯ ಕಥೆಯೂ ಹೀಗೆಯೇ. 1869ರಲ್ಲಿ ಹುಟ್ಟಿ, 1943ರಲ್ಲಿ ಅಗಲವಾಗಿ, ಕೊನೆಗೆ 1999ರಲ್ಲಿ ತನ್ನ ಪಕ್ಕದಲ್ಲೇ ಅದೇ ಬಿಲ್ಲಿನಾಕಾರದ ಜೋಡಿಯನ್ನು ಪಡೆಯಿತು. 2022ರ ಚೆಸ್ ಒಲಿಂಪಿಯಾಡ್ ಸಮಯದಲ್ಲಿ ಚದುರಂಗದ ಮಣೆಯಂತೆ ಬಣ್ಣ ತಳೆದು ಜನರ ಮೆಚ್ಚುಗೆ ಗಳಿಸಿದ್ದು ಇದೇ ಸೇತುವೆ.

ಈ ಎರಡು ಉದಾಹರಣೆಗಳಲ್ಲಿ ಅಡಗಿರುವ ಪಾಠ ಸರಳ. ಹಳೆಯದು ಇನ್ನೂ ನಿಂತಿರುವಾಗಲೇ ಹೊಸದನ್ನು ಪಕ್ಕದಲ್ಲಿ ಕಟ್ಟಿದರೆ ಜನರ ಓಡಾಟಕ್ಕೆ ಭಂಗ ಬರುವುದು ಅತ್ಯಲ್ಪ. ಜೋಡಿಸೇತುವೆಗೆ ಇನ್ನೊಂದು ಗುಣವೂ ಇದೆ: ಮುಂದೆ ಒಂದರ ದುರಸ್ತಿ ನಡೆಯುವಾಗ ಇನ್ನೊಂದು ಭಾರ ಹೊರುತ್ತದೆ.

ಆದರೆ ಇದೇ ಅಡ್ಯಾರ್ ಅಳಿವೆಯಲ್ಲಿ ಇನ್ನೊಂದು ಸೇತುವೆಯಿದೆ. ಮೀನುಗಾರರ ಓಡಾಟಕ್ಕೆಂದು 1967ರಲ್ಲಿ ಕಟ್ಟಿದ ಅದು 1977ರಲ್ಲಿ ನೀರಿನ ಸೆಳೆತಕ್ಕೆ ಮುರಿಯಿತು. ಇಂದಿಗೂ 'ಮುರಿದ ಸೇತುವೆ' ಎಂಬುದೇ ಅದರ ಹೆಸರು. ಸಿನಿಮಾ ಚಿತ್ರೀಕರಣಕ್ಕೆ, ಸಂಜೆಯ ವಿಹಾರಕ್ಕೆ ಅದು ಪ್ರಸಿದ್ಧ. ಪುನರ್ನಿರ್ಮಾಣದ ಪ್ರಸ್ತಾಪ ಆಗಾಗ ಬಂದು ಹೋಗುತ್ತದೆ. ದೊಡ್ಡ ರಸ್ತೆಯ ಸೇತುವೆಗೆ ಪಕ್ಕದಲ್ಲಿ ಜೋಡಿ ದೊರೆಯಿತು, ಬಲೆ ಬುಟ್ಟಿ ಹೊತ್ತು ನಡೆಯುವವರ ಸೇತುವೆಗೆ ಸುಮಾರು ಐವತ್ತು ವರ್ಷಗಳಾದರೂ ಬದಲಿ ದೊರೆಯಲಿಲ್ಲ. ಯಾರ ಅಡಚಣೆಯನ್ನು ನಾವು ಅಡಚಣೆ ಎಂದು ಎಣಿಸುತ್ತೇವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಸೇತುವೆಗಳೆಲ್ಲ ಒಟ್ಟಿಗೆ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಚೆನ್ನೈ 2015ರ ಡಿಸೆಂಬರ್ ಮೊದಲ ವಾರದಲ್ಲಿ ಕಂಡಿತು. ಚೆಂಬರಂಬಾಕ್ಕಂ ಜಲಾಶಯದ ನೀರು, ಅದರೊಡನೆ ಕೆಳಗಿನ ಕೆರೆಕಟ್ಟೆಗಳ ನೀರು ಅಡ್ಯಾರಿಗೆ ನುಗ್ಗಿದಾಗ ಸೈದಾಪೇಟೆಯ ಸೇತುವೆಯಲ್ಲಿ ಸಂಚಾರ ನಿಂತಿತು. ನಗರ ಉತ್ತರ ದಕ್ಷಿಣಗಳಾಗಿ ಸೀಳಿಹೋಯಿತು. ಆಸ್ಪತ್ರೆ ಒಂದು ದಡದಲ್ಲಿ, ರೋಗಿ ಇನ್ನೊಂದು ದಡದಲ್ಲಿ. ಹಾಲು ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಅದು ಕೆಲವೇ ದಿನಗಳ ಮಾತು. ಸೇತುವೆಯ ಬದಲಾವಣೆ ಎಂದರೆ ವರ್ಷಗಳ ಮಾತು.

ಪಾಂಬನ್ ಕಲಿಸಿದ್ದು

ಪಾಂಬನ್ ಇರುವುದು ನದಿಯ ಮೇಲಲ್ಲ, ಸಮುದ್ರದ ಮೇಲೆ. ಆದರೂ ತಮಿಳುನಾಡಿನಲ್ಲಿ ಇತ್ತೀಚೆಗೆ ನಡೆದ ದೊಡ್ಡ ಸೇತುವೆ ಬದಲಾವಣೆ ಅದೇ. ಕಾಶಿ ರಾಮೇಶ್ವರ ಯಾತ್ರೆಯ ನಂಬಿಕೆಯುಳ್ಳ ಕನ್ನಡ ಕುಟುಂಬಗಳಿಗೆ ಆ ರೈಲಿನ ಪಯಣ ಮರೆಯಲಾಗದ್ದು. 1914ರಲ್ಲಿ ತೆರೆದ, 2 ಕಿಲೋಮೀಟರಿಗೂ ಉದ್ದದ ಆ ಸೇತುವೆ 1964ರ ಡಿಸೆಂಬರ್ ಚಂಡಮಾರುತದಲ್ಲಿ ನುಚ್ಚುನೂರಾಯಿತು. ಅಂದು ತರುಣ ಎಂಜಿನಿಯರ್ ಆಗಿದ್ದ ಇ. ಶ್ರೀಧರನ್ ಅವರ ಹೊಣೆಗಾರಿಕೆಯಲ್ಲಿ 46 ದಿನಗಳಲ್ಲೇ ಅದು ಮತ್ತೆ ನಿಂತಿತು. ನಮ್ಮ ಕರಾವಳಿಗೆ ಕೊಂಕಣ ರೈಲ್ವೆಯನ್ನು ತಂದವರೂ ಅವರೇ.

ಈ ಶತಮಾನದ ಬದಲಾವಣೆಗೆ ಮಾತ್ರ ಅಂಥ ವೇಗ ಇರಲಿಲ್ಲ. ಹೊಸ ಸೇತುವೆಗೆ ಶಂಕುಸ್ಥಾಪನೆಯಾದದ್ದು 2019ರಲ್ಲಿ. ಹಳೆಯ ಸೇತುವೆಯ ಪಕ್ಕದಲ್ಲೇ ಕಟ್ಟುವ ಯೋಜನೆಯೂ ಸರಿಯಾದುದೇ. ಆದರೆ ಹೊಸದು ಮುಗಿಯುವ ಮೊದಲೇ ಹಳೆಯದು ದಣಿಯಿತು. ಹಡಗುಗಳಿಗೆ ದಾರಿ ಬಿಡುವ ಭಾಗದಲ್ಲಿ ಅಸಹಜ ಕಂಪನ ಕಂಡುಬಂದು 2022ರ ಡಿಸೆಂಬರ್ 23ರಿಂದ ರೈಲು ಸಂಚಾರ ನಿಂತಿತು. ಅದು ಮತ್ತೆ ಆರಂಭವಾದದ್ದು 2025ರ ಏಪ್ರಿಲ್‌ನಲ್ಲಿ. ಎರಡು ವರ್ಷ ಮೂರು ತಿಂಗಳಿಗೂ ಮೀರಿ ಯಾತ್ರಿಕರು ಮಂಡಪಂ, ರಾಮನಾಥಪುರಗಳಲ್ಲಿ ರೈಲಿಳಿದು ಗಂಟು ಮೂಟೆಗಳೊಂದಿಗೆ ಬಸ್ಸು ಹಿಡಿಯಬೇಕಾಯಿತು. ರಾಮೇಶ್ವರದ ಜನರು ಅಷ್ಟು ಕಾಲ ರೈಲಿಲ್ಲದೆ ಬಾಳಿದರು. 1988ರಿಂದ ಪಕ್ಕದಲ್ಲಿ ರಸ್ತೆಯ ಸೇತುವೆ ಇದ್ದುದರಿಂದ ದ್ವೀಪ ಸಂಪೂರ್ಣವಾಗಿ ಕಡಿದುಹೋಗಲಿಲ್ಲ ಎಂಬುದೊಂದೇ ಸಮಾಧಾನ.

ಅಪಾಯ ಕಂಡೊಡನೆ ಸಂಚಾರ ನಿಲ್ಲಿಸಿದ್ದು ಸರಿ. ಅದಕ್ಕಾಗಿ ರೈಲ್ವೆಯನ್ನು ದೂರುವಂತಿಲ್ಲ. ಆದರೆ ಬದಲಿ ಕಟ್ಟುವ ತೀರ್ಮಾನ ಇನ್ನೂ ಐದು ವರ್ಷ ಮೊದಲೇ ಆಗಿದ್ದರೆ ಆ 27 ತಿಂಗಳುಗಳು ಉಳಿಯುತ್ತಿದ್ದವು. ಪಕ್ಕದಲ್ಲಿ ಕಟ್ಟಿದರಷ್ಟೇ ಸಾಲದು, ಸಕಾಲದಲ್ಲಿ ಕಟ್ಟಬೇಕು. ಅಟ್ಟ ಮೇಲೆ ಒಲೆ ಉರಿದರೆ ಪ್ರಯೋಜನವೇನು?

ನಮ್ಮ ಊರಿನ ಹೊಳೆಗಳು

ಚೆನ್ನೈ ಕನ್ನಡಿಗರಲ್ಲಿ ಅನೇಕರ ಮೂಲ ಊರುಗಳು ಕರಾವಳಿಯಲ್ಲಿವೆ. ಅಲ್ಲಿ ನಾಲ್ಕು ಹೆಜ್ಜೆಗೊಂದು ಹೊಳೆ, ಹೊಳೆಗೊಂದು ಮುದಿ ಸೇತುವೆ. ಕಾಳಿ ನದಿಯ ಸೇತುವೆ ಕುಸಿದಾಗ ಅದರ ವಯಸ್ಸು ಕೇವಲ 41. ಗೋವಾ ಕಡೆಯಿಂದ ಬರುತ್ತಿದ್ದ ಲಾರಿಯೊಂದು ನೀರಿಗೆ ಬಿತ್ತು. ಅದರ ಚಾಲಕರು ತಮಿಳುನಾಡಿನವರು. ಪೊಲೀಸರೂ ಮೀನುಗಾರರೂ ಸೇರಿ ಅವರ ಪ್ರಾಣ ಉಳಿಸಿದರು. ಹೆದ್ದಾರಿ ಅಗಲೀಕರಣದ ಅಂಗವಾಗಿ ಪಕ್ಕದಲ್ಲಿ ಹೊಸ ಸೇತುವೆ ಮೊದಲೇ ಸಿದ್ಧವಾಗಿತ್ತು. ಅದಿಲ್ಲದೆ ಇದ್ದರೆ ಸದಾಶಿವಗಡ ಕಾರವಾರಗಳ ನಡುವಿನ ನೇರ ಸಂಬಂಧವೇ ಕಡಿದುಹೋಗುತ್ತಿತ್ತು. ಜೋಡಿಯೇನೋ ಇತ್ತು, ಆದರೆ ಹಳೆಯದರ ಆರೋಗ್ಯ ತಪಾಸಣೆ ಸಾಲದಾಯಿತು.

ಮಂಗಳೂರಿನ ಬಳಿ ಫಲ್ಗುಣಿ ನದಿಯಲ್ಲಿ ಎರಡು ಬಗೆಯ ಅನುಭವಗಳಿವೆ. ಗುರುಪುರದಲ್ಲಿ 1923ರ ಉಕ್ಕಿನ ಸೇತುವೆ ನಿಂತಿರುವಾಗಲೇ ಪಕ್ಕದಲ್ಲಿ ಹೊಸದನ್ನು ಕಟ್ಟಿ 2020ರಲ್ಲಿ ತೆರೆದರು. ಜನರು ಒಂದು ದಿನ ಹಳೆಯದರ ಮೇಲೆ, ಮರುದಿನ ಹೊಸದರ ಮೇಲೆ ಹೋದರು. ಅದೇ ನದಿಯ ಪೊಳಲಿ ಅಡ್ಡೂರು ಸೇತುವೆಯಲ್ಲಿ ಮಾತ್ರ ಬದಲಿ ಸಿದ್ಧವಾಗುವ ಮೊದಲೇ, 2024ರ ಆಗಸ್ಟ್‌ನಲ್ಲಿ, ಘನ ವಾಹನಗಳನ್ನು ನಿಷೇಧಿಸಬೇಕಾಯಿತು. ನಷ್ಟ ಯಾರಿಗೆ? ಸ್ವಂತ ಕಾರು, ಸ್ಕೂಟರ್ ಇದ್ದವರು ಮೊದಲಿನಂತೆಯೇ ದಾಟಿದರು. ಬಸ್ಸನ್ನು ನಂಬಿದ ವಿದ್ಯಾರ್ಥಿ, ಬೀಡಿಯ ಕಟ್ಟು ಹೊತ್ತ ಹೆಂಗಸು, ಔಷಧಿಗೆ ಪೇಟೆಗೆ ಹೋಗುವ ಮುದುಕರು ಸಂಕಟಕ್ಕೆ ಸಿಲುಕಿದರು.

ಲೆಕ್ಕಕ್ಕೆ ಬಾರದ ವೆಚ್ಚ

ಸೇತುವೆಯ ಯೋಜನಾ ವರದಿಗಳಲ್ಲಿ ಸಿಮೆಂಟು, ಉಕ್ಕು, ಭೂಸ್ವಾಧೀನಗಳ ವೆಚ್ಚ ರೂಪಾಯಿ ಪೈಸೆಗಳಲ್ಲಿ ಇರುತ್ತದೆ. ಜನರ ಸಮಯದ ವೆಚ್ಚಕ್ಕೆ ಅಂಥ ಸ್ಥಾನ ದೊರೆಯುವುದು ಕಡಿಮೆ. ಒಂದು ಕಾಲ್ಪನಿಕ ಲೆಕ್ಕವನ್ನು ಮಾಡಿ ನೋಡೋಣ. ಒಂದು ಸೇತುವೆಯನ್ನು ದಿನಕ್ಕೆ 50,000 ಮಂದಿ ದಾಟುತ್ತಾರೆ, ಅದು ಮುಚ್ಚಿದಾಗ ಸುತ್ತುದಾರಿಯಿಂದ ಪ್ರತಿಯೊಬ್ಬರಿಗೂ 20 ನಿಮಿಷ ಹೆಚ್ಚು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಸುಮಾರು 16,667 ಗಂಟೆಗಳು. ಗಂಟೆಗೆ ಕೇವಲ 50 ರೂಪಾಯಿ ಎಂದು ಬೆಲೆ ಕಟ್ಟಿದರೂ ದಿನಕ್ಕೆ 8 ಲಕ್ಷ ರೂಪಾಯಿಗೂ ಮೇಲಾಯಿತು. ಕಾಮಗಾರಿ ಒಂದೂವರೆ ವರ್ಷ ನಡೆದರೆ ಸುಮಾರು 45 ಕೋಟಿ ರೂಪಾಯಿ. ಇಂಧನವನ್ನಾಗಲಿ, ವ್ಯಾಪಾರವಿಲ್ಲದೆ ಬಾಗಿಲು ಮುಚ್ಚಿದ ಅಂಗಡಿಗಳನ್ನಾಗಲಿ, ತಡವಾಗಿ ತಲುಪಿದ ಆಂಬುಲೆನ್ಸನ್ನಾಗಲಿ ನಾವು ಇದರಲ್ಲಿ ಸೇರಿಸಿಲ್ಲ.

ಈ 45 ಕೋಟಿ ಯಾವ ಟೆಂಡರಿನಲ್ಲೂ ಕಾಣುವುದಿಲ್ಲ. ಏಕೆಂದರೆ ಅದನ್ನು ತೆರುವವರು ಸಾವಿರಾರು ಮಂದಿ, ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪವಾಗಿ, ಮೌನವಾಗಿ. ಪಕ್ಕದಲ್ಲಿ ಕಟ್ಟುವುದು ದುಬಾರಿ, ಮುಚ್ಚಿ ಕಟ್ಟುವುದು ಅಗ್ಗ ಎಂಬ ವಾದ ಕೇಳಿಬಂದಾಗಲೆಲ್ಲ ಈ ಲೆಕ್ಕವನ್ನು ಎದುರಿಗಿಡಬೇಕು. ಸರಕಾರದ ಖಾತೆಯಲ್ಲಿ ಉಳಿತಾಯವೆಂದು ಕಾಣುವುದು ಅನೇಕ ಸಲ ಜನರ ಖಾತೆಗೆ ವರ್ಗಾಯಿಸಿದ ವೆಚ್ಚ ಮಾತ್ರ.

ಪಕ್ಕದಲ್ಲಿ ಕಟ್ಟಲು ಎಲ್ಲೆಡೆಯೂ ಜಾಗವಿರುವುದಿಲ್ಲ ಎಂಬುದೂ ನಿಜ. ಆಗ ಬೇರೆ ಮಾರ್ಗಗಳಿವೆ. ಅಗಲವಾದ ಸೇತುವೆಯಾದರೆ ಅರ್ಧವನ್ನು ಒಡೆದು ಕಟ್ಟುವಾಗ ಇನ್ನರ್ಧದಲ್ಲಿ ಸಂಚಾರ ನಡೆಸಬಹುದು. ಬೇರೆಡೆ ಎರಕ ಹೊಯ್ದ ತೊಲೆಗಳನ್ನು ರಾತ್ರಿಯ ವೇಳೆ ತಂದು ಜೋಡಿಸಬಹುದು. ಮೆಟ್ರೋ ಕಾಮಗಾರಿಯಲ್ಲಿ ಈ ಕ್ರಮವನ್ನು ಚೆನ್ನೈ ವಾಸಿಗಳು ನೋಡಿಯೇ ಇದ್ದಾರೆ. ತಾತ್ಕಾಲಿಕ ಉಕ್ಕಿನ ಸೇತುವೆಯೂ ಇದೆ. 2024ರಲ್ಲಿ ವಯನಾಡಿನ ಭೂಕುಸಿತದ ಬಳಿಕ ಬೆಂಗಳೂರಿನಲ್ಲಿ ನೆಲೆಯುಳ್ಳ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ 190 ಅಡಿಯ ಬೈಲಿ ಸೇತುವೆಯನ್ನು ಸುಮಾರು 31 ಗಂಟೆಗಳಲ್ಲಿ ನಿಲ್ಲಿಸಿತು. ಮಹಾರಾಷ್ಟ್ರದ ಮಹಾಡದಲ್ಲಿ 2016ರ ಆಗಸ್ಟ್ 2ರಂದು ಸಾವಿತ್ರಿ ನದಿಯ ಹಳೆಯ ಸೇತುವೆ ಬಸ್ಸುಗಳ ಸಮೇತ ಕೊಚ್ಚಿಹೋದ ಮೇಲೆ 165 ದಿನಗಳಲ್ಲಿ ಹೊಸದನ್ನು ಕಟ್ಟಿದರು. ದುರಂತದ ನಂತರ ಸಾಧ್ಯವಾದ ವೇಗ ದುರಂತಕ್ಕೆ ಮುನ್ನ ಏಕೆ ಸಾಧ್ಯವಾಗದು?

ದಡದ ಜನರು

ಪಕ್ಕದಲ್ಲಿ ಕಟ್ಟುವ ಕ್ರಮವನ್ನು ಹೊಗಳುವಾಗ ಒಂದು ಎಚ್ಚರಿಕೆಯೂ ಅಗತ್ಯ. ನಗರದಲ್ಲಿ ಸೇತುವೆಯ ಪಕ್ಕ ಎಂದರೆ ಬರಿಯ ಬಯಲಲ್ಲ; ಅಲ್ಲಿ ಮನೆಗಳಿರುತ್ತವೆ, ಚಹದ ಅಂಗಡಿ, ಹೂವಿನ ಬುಟ್ಟಿ, ಸೈಕಲ್ ರಿಪೇರಿಯವನು ಇರುತ್ತಾರೆ. 2015ರ ಪ್ರವಾಹದ ಅನಂತರ ಅಡ್ಯಾರ್ ದಡದ ಬಹಳಷ್ಟು ಕುಟುಂಬಗಳನ್ನು ನಗರದ ದಕ್ಷಿಣದಂಚಿನ ಪೆರುಂಬಾಕ್ಕಂ ಮೊದಲಾದೆಡೆಗೆ ಸಾಗಿಸಲಾಯಿತು. ನೆರೆಯಿಂದ ರಕ್ಷಣೆ ದೊರೆತದ್ದು ದಿಟ. ಆದರೆ ಸೈದಾಪೇಟೆಯ ಮನೆಗಳಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸಿಗೆ ಹೊಸ ಮನೆಯಿಂದ ಆ ಕೆಲಸ ಕೈಗೆಟುಕದ ದೂರ. ವಾಹನಗಳಿಗೆ ಅಡಚಣೆಯಾಗದಂತೆ ಕಟ್ಟಿದ ಸೇತುವೆ ದಡದ ಜನರ ಬದುಕನ್ನೇ ಕಿತ್ತೆಸೆದರೆ ಅದನ್ನು ಅಡಚಣೆಯಿಲ್ಲದ ಕಾಮಗಾರಿ ಎನ್ನಲಾಗದು.

ಏನು ಕೇಳಬೇಕು?

ಮರೈಮಲೈ ಅಡಿಗಳ್ ಸೇತುವೆಯಾಗಲಿ ತಿರು.ವಿ.ಕ. ಸೇತುವೆಯಾಗಲಿ ದುರ್ಬಲವಾಗಿದೆ ಎಂದು ನಾವು ಹೇಳುತ್ತಿಲ್ಲ. ಅದನ್ನು ಹೇಳಬೇಕಾದವರು ಎಂಜಿನಿಯರುಗಳು. ಇಂದಿನ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆ ಹೊಸ ಸೇತುವೆಗಳಿಗೆ ಸಾಮಾನ್ಯವಾಗಿ 100 ವರ್ಷಗಳ ಆಯುಷ್ಯವನ್ನು ಗುರಿಯಾಗಿಡುತ್ತದೆ. ಆದರೆ ಕಾಳಿ ಸೇತುವೆ 41ರಲ್ಲಿ, ಗಂಭೀರಾ 40ರಲ್ಲಿ ಬಿದ್ದುವು ಎಂಬುದನ್ನು ಮರೆಯಲಾಗದು. ಉಪ್ಪುಗಾಳಿಯ ಊರಿನಲ್ಲಿ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿಯುವುದು ಹೊರಗಿನ ಬಣ್ಣದಿಂದ ತಿಳಿಯುವುದಿಲ್ಲ. ಆದುದರಿಂದ ನಾಗರಿಕರಾಗಿ ನಾವು ಈಗಲೇ ಕೇಳಬೇಕಾದವು ಕೆಲವಿವೆ.

ಮೊದಲನೆಯದಾಗಿ, ಸೇತುವೆಗಳ ತಪಾಸಣಾ ವರದಿಗಳು ಸಾಮಾನ್ಯರಿಗೆ ಅರ್ಥವಾಗುವ ಭಾಷೆಯಲ್ಲಿ ನಿಯತವಾಗಿ ಪ್ರಕಟವಾಗಬೇಕು. ಎರಡನೆಯದಾಗಿ, ಬದಲಿಯ ಯೋಜನೆ, ಜಾಗದ ಗುರುತು, ಹಣದ ಏರ್ಪಾಡು ಸೇತುವೆ ಗಟ್ಟಿಯಾಗಿರುವಾಗಲೇ ಆಗಬೇಕು. ಉಸ್ಕಾನನ ಮಾದರಿಯಲ್ಲಿ ಪ್ರತಿ ಸೇತುವೆಗೂ ಮುಡಿಪಾದ ನಿಧಿಯಿರಬೇಕು. ಮೂರನೆಯದಾಗಿ, ಕಾಮಗಾರಿಯ ಕಾಲವನ್ನು ಮಳೆಯ ಕಾಲ ನೋಡಿ ನಿಶ್ಚಯಿಸಬೇಕು. ಚೆನ್ನೈಯ ಹೊಳೆಗಳು ಉಕ್ಕುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ನಮ್ಮ ಕರಾವಳಿಯ ಹೊಳೆಗಳು ಜೂನಿನಿಂದ ಸೆಪ್ಟೆಂಬರಿನವರೆಗೆ. ನೀರಿನೊಳಗಿನ ಅಡಿಪಾಯದ ಕೆಲಸ ಒಂದು ಋತು ತಪ್ಪಿದರೆ ಒಂದು ವರ್ಷ ತಪ್ಪಿದಂತೆ. ನಾಲ್ಕನೆಯದಾಗಿ, ಸೇತುವೆಯ ಮೈಮೇಲೆ ಸಾಗುವ ನೀರಿನ ಕೊಳವೆ, ವಿದ್ಯುತ್ ತಂತಿಗಳ ಸ್ಥಳಾಂತರ ಒಡೆಯುವ ಮೊದಲೇ ಮುಗಿದಿರಬೇಕು. ಐದನೆಯದಾಗಿ, ವಾಹನಗಳಿಗೆ ದಾರಿ ಮುಚ್ಚಿದರೂ ನಡೆದು ಹೋಗುವವರಿಗೆ, ಸೈಕಲ್ಲಿನವರಿಗೆ ಒಂದು ಕಿರುದಾರಿ ಎಂದಿಗೂ ಮುಚ್ಚಬಾರದು. ಎರಡು ದಡಗಳಲ್ಲೂ ಬಸ್ಸು ಕಾಯುತ್ತಿರಬೇಕು. ಕೊನೆಯದಾಗಿ, ದಡದ ಕುಟುಂಬಗಳಿಗೆ ದುಡಿಮೆಯ ಸ್ಥಳಕ್ಕೆ ಸಮೀಪದಲ್ಲೇ ಬದಲಿ ನೆಲೆ ದೊರೆತ ಮೇಲೆಯೇ ಕೆಲಸ ಆರಂಭವಾಗಬೇಕು.

ಇವೆಲ್ಲ ಸರಕಾರಕ್ಕೆ ಸೇರಿದ ಕೆಲಸ, ನಮಗೇಕೆ ಎಂದು ಕೆಲವರು ಕೇಳಬಹುದು. ತಲೆಮಾರುಗಳಿಂದ ಈ ನಗರದಲ್ಲಿ ಬೇರೂರಿದ ಕನ್ನಡ ಕುಟುಂಬಗಳು ಇಲ್ಲಿಯ ಅತಿಥಿಗಳಲ್ಲ. ಇಲ್ಲಿ ತೆರಿಗೆ ಸಲ್ಲಿಸುವ, ಮತ ಚಲಾಯಿಸುವ ನಾಗರಿಕರು. ಯೋಜನೆಗಳ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳುವ ಪ್ರಕಟಣೆ ಬಂದಾಗ ನಮ್ಮಲ್ಲಿ ಎಷ್ಟು ಮಂದಿ ಅದನ್ನು ಓದುತ್ತೇವೆ? ನಮ್ಮ ಸಂಘಸಂಸ್ಥೆಗಳಲ್ಲಿ ನಿವೃತ್ತ ಎಂಜಿನಿಯರುಗಳಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ವಕೀಲರಿದ್ದಾರೆ. ರಾಜ್ಯೋತ್ಸವದ ಸಮಿತಿಯಷ್ಟೇ ಶ್ರದ್ಧೆಯಿಂದ ಒಂದು ಸಣ್ಣ ಬಳಗ ಬಡಾವಣೆಯ ತಮಿಳು ನೆರೆಹೊರೆಯವರೊಡನೆ ಕೂಡಿ ಅಂಥ ಸಭೆಗಳಿಗೆ ಹೋದರೆ, ಕಾರಿಲ್ಲದವರ ಪರವಾಗಿ ಎರಡು ಮಾತು ಆಡಿದರೆ, ಅದು ಈ ಊರಿನ ಋಣವನ್ನು ಕಿಂಚಿತ್ತಾದರೂ ತೀರಿಸಿದಂತೆ. ಊರಿಗೆ ಹೋದಾಗ ಅಲ್ಲಿಯ ಹೊಳೆಯ ಸೇತುವೆಯ ಬಗ್ಗೆಯೂ ಪಂಚಾಯತಿಯಲ್ಲಿ ಇದೇ ಪ್ರಶ್ನೆಗಳನ್ನು ಕೇಳಬಹುದು: ಕೊನೆಯ ತಪಾಸಣೆ ಯಾವಾಗ ಆಯಿತು, ಬದಲಿ ಯೋಜನೆ ಎಲ್ಲಿಗೆ ಬಂದಿದೆ, ಮುಚ್ಚಿದರೆ ಶಾಲೆಯ ಮಕ್ಕಳು ದಾಟುವುದು ಹೇಗೆ.